ಬೂಷ್ಟಿನ ಕಾಯಿಲೆಯಿಂದ ಎದ್ದವರ ಹಿತ್ತಲು, ಅಡುಗೆಮನೆ

ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಲಿನ ಕಲ್ಯಾಣಿಯೊಂದಿದೆ. ಮಳೆಗಾಲ ಹಿಡಿಯಿತೆಂದರೆ ಅದರ ಮೆಟ್ಟಿಲ ಮೇಲೆ, ಸುತ್ತಲಿನ ಪುಟ್ಟ ಗುಡಿಗಳ ನೆತ್ತಿಯ ಮೇಲೆ ಪಾಚಿ ಏರುತ್ತದೆ. ನೋಡಲು ಬಂದವರು ಕಾಲು ಜಾರದಂತೆ ಇಳಿಯಬೇಕು, ಅಷ್ಟೆ. ಉಬ್ಬಸ ಹಿಡಿಸುವ ಆಸಾಮಿ ಈ ಹಸಿರು ಪಾಚಿಯಲ್ಲ. ಅದು ಬೇರೆಯೇ, ಅದಕ್ಕೆ ಬಿಸಿಲೂ ಬೇಡ, ಬೆಳಕೂ ಬೇಡ. ಒದ್ದೆ ಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಬೆನ್ನಿಗೆ, ಅಟ್ಟದ ಮೂಲೆಯ ಕಾಯಿರಾಶಿಗೆ, ನೆನೆದು ಒಣಗಿದ ಹುಲ್ಲಿನ ಹೊರೆಗೆ ಅದು ಸದ್ದಿಲ್ಲದೆ ಹತ್ತಿಕೊಳ್ಳುತ್ತದೆ. ಹಾಸನದ ಕಡೆ ಅದನ್ನು ಬೂಷ್ಟು ಅನ್ನುತ್ತಾರೆ. ಅದು ಬಿಡುವ ವಾಸನೆಗೆ ಮುಗ್ಗಲು ಎಂದು ಹೆಸರು.

ಒಂದೇ ಜಿಲ್ಲೆಯಾದರೂ ಹಾಸನದ ಮಳೆ ಒಂದೇ ಅಲ್ಲ. ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟುವ ಮಳೆ ಅರಸೀಕೆರೆಗೆ ಬರುವಷ್ಟರಲ್ಲಿ 700ರ ಆಸುಪಾಸಿಗೆ ಇಳಿದಿರುತ್ತದೆ. ಬೇಲೂರು, ಹಳೇಬೀಡು, ಹುಲಿಕೆರೆ ನಡುವೆ ಕೂತಿವೆ: ಇತ್ತ ಪೂರ್ತಿ ಮಲೆನಾಡೂ ಅಲ್ಲ, ಅತ್ತ ಪೂರ್ತಿ ಬಯಲುಸೀಮೆಯೂ ಅಲ್ಲ. ಬೇಲೂರಿನ ಕಡೆಯ ಮನೆಗಳಲ್ಲಿ ಗೋಡೆಯೇ ಬೆವರುತ್ತದೆ. ಅರಸೀಕೆರೆಯ ಕಡೆ ಗೋಡೆ ಒಣಗಿದ್ದರೂ ಅಟ್ಟದಲ್ಲಿಟ್ಟ ಕಾಯಿಗೆ, ಮೂಟೆಯಲ್ಲಿಟ್ಟ ಕಡಲೆಕಾಯಿಗೆ ಬೂಷ್ಟು ಬರುತ್ತದೆ. ಹಾಗಾಗಿ ಈ ಸೀಮೆಯಲ್ಲಿ ಬೂಷ್ಟಿನ ತೊಂದರೆಗೆ ಎರಡು ದಾರಿ. ಒಂದು ಮೂಗಿನಿಂದ ಒಳಹೋಗುವುದು, ಇನ್ನೊಂದು ತಟ್ಟೆಯಿಂದ.

ಮೂಗಿನ ದಾರಿ ಹಿಡಿದು ಬರುವ ಕಾಯಿಲೆಗಳೂ ಒಂದೇ ಬಗೆಯವಲ್ಲ. ಹೆಚ್ಚಿನವರಿಗೆ ಬರುವುದು ಅಲರ್ಜಿ: ಬೆಳಿಗ್ಗೆ ಎದ್ದ ಕೂಡಲೆ ಸೀನು, ಮೂಗು ಕಟ್ಟುವುದು, ಕಣ್ಣು ಕೆರೆತ. ಉಬ್ಬಸ ಇದ್ದವರಿಗೆ ಅದು ಉಲ್ಬಣಿಸುತ್ತದೆ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಕೆಲವು ಉಬ್ಬಸದ ರೋಗಿಗಳ ಶ್ವಾಸನಾಳದೊಳಗೇ ತಳವೂರಿ ಎಬಿಪಿಎ ಎಂಬ ಕಾಯಿಲೆ ತರುತ್ತದೆ. ಎಕ್ಸ್‌ರೇಯಲ್ಲಿ ಅದರ ನೆರಳು ಕ್ಷಯದಂತೆ ಕಾಣುವುದರಿಂದ ನಮ್ಮ ದೇಶದಲ್ಲಿ ಎಷ್ಟೋ ಮಂದಿ ಮೊದಲು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿರುತ್ತಾರೆ. ಮುಗ್ಗಿದ ಹುಲ್ಲು ಬಿಚ್ಚುವ ರೈತರಿಗೆ ಬರುವುದು ಮತ್ತೊಂದು. ಇಂಗ್ಲಿಷ್ ವೈದ್ಯರು ಅದಕ್ಕೆ ‘ಫಾರ್ಮರ್ಸ್ ಲಂಗ್’, ಎಂದರೆ ರೈತನ ಶ್ವಾಸಕೋಶ ಎಂದೇ ಹೆಸರಿಟ್ಟರು. ಬೆಳಿಗ್ಗೆ ಬಣವೆ ಕಿತ್ತರೆ ನಾಲ್ಕರಿಂದ ಎಂಟು ತಾಸಿನ ನಂತರ, ಸಂಜೆ ಹೊತ್ತಿಗೆ, ಚಳಿಜ್ವರ, ಒಣಕೆಮ್ಮು, ಏದುಸಿರು. ಒಂದೆರಡು ದಿನದಲ್ಲಿ ತಾನೇ ಇಳಿಯುವುದರಿಂದ ಎಲ್ಲರೂ ಅದನ್ನು ಶೀತ ಎಂದುಕೊಳ್ಳುತ್ತಾರೆ, ಮತ್ತೆ ಅದೇ ಹುಲ್ಲಿಗೆ ಕೈ ಹಾಕುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದರೆ ಶ್ವಾಸಕೋಶ ಗಟ್ಟಿಯಾಗುತ್ತದೆ.

ಇನ್ನು ಕಪ್ಪು ಶಿಲೀಂಧ್ರ. 2021ರ ಮೇ ತಿಂಗಳನ್ನು ಕರ್ನಾಟಕ ಅಷ್ಟು ಬೇಗ ಮರೆಯುವುದಿಲ್ಲ. ಕೋವಿಡ್ ಎರಡನೇ ಅಲೆಯಲ್ಲಿ ಸ್ಟಿರಾಯ್ಡ್ ಪಡೆದಿದ್ದ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದ ರೋಗಿಗಳ ಮೂಗು, ಕಣ್ಣು, ದವಡೆಗೆ ಮ್ಯೂಕರ್‌ಮೈಕೋಸಿಸ್ ಹಬ್ಬಿತು. ರಾಜ್ಯ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ಚಿಕಿತ್ಸೆ ನಡೆಯಿತು. ಆ ಶಿಲೀಂಧ್ರ ಹೊರಗಿನಿಂದ ಬಂದದ್ದಲ್ಲ. ಮಣ್ಣು, ಕೊಳೆತ ಎಲೆ, ಗೊಬ್ಬರದ ಗುಂಡಿ ಅದರ ತವರು.

ಬೂಷ್ಟಿನ ಕಾಯಿಲೆಯಿಂದ ಎದ್ದವರಿಗೆ ಹಿತೈಷಿಗಳು ಮೊದಲು ಹೇಳುವುದೇ ಇದು: “ಹಿತ್ತಲಲ್ಲಿ ನಾಲ್ಕು ಸೊಪ್ಪು ಬೆಳಕೊಳ್ಳಿ, ಔಷಧಿ ಹೊಡೆಯದ ತರಕಾರಿ ತಿನ್ನಿ, ಮಣ್ಣಿನ ಜೊತೆ ಇರಿ.” ಮಾತು ಒಳ್ಳೆಯದೇ. ಆದರೆ ಹೇಳುವವರು ಒಂದು ಸಂಗತಿ ಮರೆಯುತ್ತಾರೆ. ಸಾವಯವ ಕೃಷಿ ನಡೆಯುವುದೇ ಬೂಷ್ಟಿನ ಬಲದಿಂದ. ಎಲೆ ಗೊಬ್ಬರವಾಗುವುದು, ಸಗಣಿ ಮಣ್ಣಾಗುವುದು, ಮುಚ್ಚಿಗೆಯ ಹುಲ್ಲು ಕರಗುವುದು, ಎಲ್ಲದರಲ್ಲೂ ಶಿಲೀಂಧ್ರದ ಕೈಯಿದೆ. ಚೆನ್ನಾಗಿ ಬೇಯುತ್ತಿರುವ ತಿಪ್ಪೆಯನ್ನು ಗುದ್ದಲಿಯಿಂದ ತಿರುವಿದಾಗ ಹೊಗೆಯಂತೆ ಏಳುವ ಬೂದುಬಣ್ಣದ ಪುಡಿಯಲ್ಲಿ ಆಸ್ಪರ್ಜಿಲಸ್‌ನ ಬೀಜಕಗಳು ತುಂಬಿರುತ್ತವೆ, ಏಕೆಂದರೆ ಆ ಶಿಲೀಂಧ್ರ ತಿಪ್ಪೆಯ ಕಾವನ್ನು ತಡೆದುಕೊಳ್ಳುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಒಂದು ಸೀನಿನ ವಿಷಯ. ಆಗತಾನೆ ಎದ್ದ ಶ್ವಾಸಕೋಶಕ್ಕೆ ಹಾಗಲ್ಲ.

ಹಾಗೆಂದು ಹಿತ್ತಲು ಬಿಡಬೇಕಿಲ್ಲ. ಯಾವ ಕೆಲಸ ತಮ್ಮದು, ಯಾವುದು ಮನೆಯ ಬೇರೆಯವರದು ಎಂದು ಹಂಚಿಕೊಂಡರೆ ಸಾಕು.

ತಿಪ್ಪೆ ತಿರುವುವುದು, ಹಳೆಯ ಹುಲ್ಲು ಬಿಚ್ಚುವುದು, ಒಣ ಎಲೆ ಗುಡಿಸಿ ರಾಶಿ ಮಾಡುವುದು, ತೆಂಗಿನ ನಾರಿನ ಪುಡಿ ಕೊಡವುವುದು, ಕಣದಲ್ಲಿ ರಾಗಿ ತೂರುವುದು: ಈ ಐದು ಕೆಲಸ ರೋಗಿಯದಲ್ಲ, ಮಾಸ್ಕ್ ಹಾಕಿಕೊಂಡರೂ ಅಲ್ಲ. ಅವು ನಡೆಯುವ ಹೊತ್ತಿನಲ್ಲಿ ಗಾಳಿಯ ಕೆಳದಿಕ್ಕಿನಲ್ಲಿ ಕುರ್ಚಿ ಹಾಕಿ ಕೂರುವುದೂ ಬೇಡ. ಬೀಜ ಊರುವುದು, ಸಸಿ ನೆಡುವುದು, ನೀರು ಹಾಯಿಸುವುದು, ಬಳ್ಳಿಗೆ ಚಪ್ಪರ ಕಟ್ಟುವುದು, ಸೊಪ್ಪು ಕೊಯ್ಯುವುದು ಧಾರಾಳವಾಗಿ ಮಾಡಬಹುದು. ಮಣ್ಣಿಗೆ ಕೈ ಹಾಕುವ ಮುನ್ನ ಒಂದು ಚೊಂಬು ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಕೈಗೆ ಗ್ಲೌಸ್, ಕಾಲಿಗೆ ಮುಚ್ಚಿದ ಬೂಟು, ತುಂಬುತೋಳಿನ ಅಂಗಿ ಇರಲಿ. ಮ್ಯೂಕರ್ ಜಾತಿಯ ಶಿಲೀಂಧ್ರ ಗಾಯದ ಮೂಲಕವೂ ಒಳನುಗ್ಗಬಲ್ಲದು. ಮೂಗಿಗೆ ಎನ್‌-95 ಮಾಸ್ಕ್ ಬೇಕು. ಹೆಗಲ ಮೇಲಿನ ಟವೆಲ್ ಸುತ್ತಿಕೊಂಡರೆ ಕಣ್ಣಿಗೆ ಕಾಣುವ ಧೂಳು ತಡೆದೀತು, ಬೀಜಕ ತಡೆಯುವುದಿಲ್ಲ. ಕೆಲಸ ಮುಗಿದ ಮೇಲೆ ಆ ಬಟ್ಟೆಯಲ್ಲೇ ಹಾಸಿಗೆಯ ಮೇಲೆ ಕೂರದೆ ಕೈಕಾಲು ಮುಖ ತೊಳೆದು ಬದಲಾಯಿಸುವುದು ಒಳ್ಳೆಯದು.

ಶಿಲೀಂಧ್ರಕ್ಕೆ ಕೊಡುವ ವೊರಿಕೊನಜೋಲ್ ಎಂಬ ಮಾತ್ರೆ ನಡೆಯುತ್ತಿದ್ದವರಿಗೆ ಇನ್ನೊಂದು ಎಚ್ಚರಿಕೆ. ಅದು ಚರ್ಮವನ್ನು ಬಿಸಿಲಿಗೆ ತೀರಾ ಸೂಕ್ಷ್ಮ ಮಾಡುತ್ತದೆ. ಅಂಥವರ ಹಿತ್ತಲ ಕೆಲಸ ಬೆಳಿಗ್ಗೆ ಬಿಸಿಲೇರುವ ಮುಂಚೆ ಮುಗಿಯಬೇಕು, ತಲೆಯ ಮೇಲೆ ಅಗಲವಾದ ಟೋಪಿ ಇರಬೇಕು. ಅಂಗಾಂಗ ಕಸಿ ಮಾಡಿಸಿಕೊಂಡವರು, ಕಿಮೋಥೆರಪಿಯಲ್ಲಿ ಇರುವವರು, ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರು ವೈದ್ಯರು ಸರಿ ಅನ್ನುವ ತನಕ ಮಣ್ಣು ಮುಟ್ಟದಿರುವುದೇ ಕ್ಷೇಮ.

ಗೊಬ್ಬರದ ಮಾತಿಗೆ ಬಂದರೆ, ಇಂಥ ಮನೆಗೆ ಒಣ ಗೊಬ್ಬರಕ್ಕಿಂತ ದ್ರವ ಗೊಬ್ಬರ ಮೇಲು, ಅದರಲ್ಲಿ ಧೂಳಿಲ್ಲ. ಜೀವಾಮೃತದ ಲೆಕ್ಕ ಈಗ ಊರೂರಿಗೂ ಗೊತ್ತು: 200 ಲೀಟರ್ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಮಣ್ಣು ಒಂದು ಹಿಡಿ. ಹಿತ್ತಲಿಗೆ ಇದರ ಹತ್ತನೇ ಒಂದು ಪಾಲು ಸಾಕು. ಸಗಣಿ ಕಲಸುವುದು ಮನೆಯ ಬೇರೆಯವರ ಕೆಲಸವಾಗಲಿ. ಬುಡಕ್ಕೆ ಹಾಕಬೇಕೇ ಹೊರತು ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಎರಚಬಾರದು. ಹೊಂಗೆ ಹಿಂಡಿ, ಬೇವಿನ ಹಿಂಡಿಯನ್ನು ರಾತ್ರಿ ನೆನೆಹಾಕಿ ತಿಳಿ ಮಾಡಿ ಹಾಕಿದರೆ ಅದರಲ್ಲೂ ಧೂಳಿನ ಭಯವಿಲ್ಲ. ಎರೆಗೊಬ್ಬರ ಕೊಳ್ಳುವುದಾದರೆ ಮೂಟೆ ಬಿಚ್ಚುವಾಗಲೇ ನೀರು ಚಿಮುಕಿಸಬೇಕು.

ಟ್ರೈಕೋಡರ್ಮಾ ಎಂಬ ಪುಡಿಯ ಬಗ್ಗೆ ಪ್ರಶ್ನೆ ಏಳುವುದು ಸಹಜ. ಅದೂ ಬೂಷ್ಟೇ, ಬೇರು ಕೊಳೆಸುವ ಬೂಷ್ಟನ್ನು ತಿಂದು ಗಿಡ ಕಾಯುವ ಜಾತಿಯದು. ಗಿಡಕ್ಕೆ ಅದು ಒಳ್ಳೆಯದು, ರೋಗಿಯ ಮೂಗಿಗೆ ಅಲ್ಲ. ಒದ್ದೆ ಗೊಬ್ಬರಕ್ಕೆ ಬೇರೆಯವರು ಬೆರೆಸಿಕೊಡಲಿ. ಹಾಗೆಯೇ ಹಾಸನದ ಆಲೂಗೆಡ್ಡೆಯನ್ನು ಕಾಡುವ ಅಂಗಮಾರಿ, ಕುಂಬಳದ ಎಲೆಗೆ ಬರುವ ಬೂದಿರೋಗ ಮನುಷ್ಯರಿಗೆ ಸೋಂಕು ತರುವಂಥವಲ್ಲ. ಗಿಡದ ರೋಗ ಗಿಡಕ್ಕೆ. ಬೂದಿರೋಗಕ್ಕೆ ಹುಳಿ ಮಜ್ಜಿಗೆ ತೆಳ್ಳಗೆ ಮಾಡಿ ಸಿಂಪಡಿಸುವ ಹಳೆಯ ಪದ್ಧತಿ ಹಿತ್ತಲಿಗೆ ಸಾಕು. ರೋಗ ಬಂದ ಎಲೆ ಕಿತ್ತು ಸುಡದೆ ಹೂಳಬೇಕು, ಹೊಗೆಯೂ ಶ್ವಾಸಕೋಶಕ್ಕೆ ಶತ್ರುವೇ.

ಮಡಿಯನ್ನು ನೆಲದಿಂದ ಒಂದಡಿ ಎತ್ತರಿಸುವುದು ಬೇಲೂರಿನ ಕಡೆ ಬೇಕೇಬೇಕು, ಇಲ್ಲವಾದರೆ ಪುಷ್ಯ, ಆಶ್ಲೇಷ ಮಳೆಗೆ ಬೇರು ಕೊಳೆಯುತ್ತದೆ. ಅರಸೀಕೆರೆಯಲ್ಲಿ ಉಲ್ಟಾ: ನೀರು ನಿಲ್ಲಲು ಪಾತಿ ತಗ್ಗಾಗಿರಬೇಕು. ಮನೆಯ ಗೋಡೆಗೂ ಮಡಿಗೂ ನಡುವೆ ಎರಡು ಮೂರು ಅಡಿ ಬಿಡುವುದನ್ನು ಎಷ್ಟೋ ಮಂದಿ ಮರೆಯುತ್ತಾರೆ. ಕಿಟಕಿಯ ಕೆಳಗೇ ಬಸಳೆ ಹಬ್ಬಿಸಿ ದಿನಾ ನೀರು ಹೊಯ್ದರೆ ತಳಪಾಯ ನೆನೆದು, ಹೋಗಿದ್ದ ಬೂಷ್ಟು ಒಳಗಿನ ಗೋಡೆಗೆ ಮರಳುತ್ತದೆ. ತಿಪ್ಪೆಗುಂಡಿಯೂ ಮಲಗುವ ಕೋಣೆಯ ಕಿಟಕಿಯಿಂದ ಆದಷ್ಟು ದೂರ ಇರಲಿ.

ಮನೆಯೊಳಗಿನ ಲೆಕ್ಕ ಸುಲಭ, ಪಾಲಿಸುವುದು ಕಷ್ಟ. ನೀರು ಸೋರಿದ ಜಾಗ ಒಂದೆರಡು ದಿನದೊಳಗೆ ಒಣಗದಿದ್ದರೆ ಬೂಷ್ಟು ಮೊಳೆಯುತ್ತದೆ. ಸೋರುವುದನ್ನು ನಿಲ್ಲಿಸದೆ ಮೇಲೆ ಪೇಂಟ್ ಬಳಿದರೆ ಆರು ತಿಂಗಳಲ್ಲಿ ಅದು ಪೇಂಟನ್ನೇ ಎಬ್ಬಿಸಿಕೊಂಡು ಹೊರಬರುತ್ತದೆ. ಸುಣ್ಣ ಬಳಿಯುತ್ತಿದ್ದ ಕಾಲದಲ್ಲಿ ಈ ಕಾಟ ಕಡಿಮೆಯಿತ್ತು. ಸುಣ್ಣದ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ, ಗೋಡೆಯೂ ಉಸಿರಾಡುತ್ತದೆ. ಯುಗಾದಿಗೊಮ್ಮೆ ಸುಣ್ಣ ಹೊಡೆಸುವ ಪದ್ಧತಿ ಬಿಟ್ಟದ್ದು ನಷ್ಟವೇ.

ಈಗ ತಟ್ಟೆಯ ದಾರಿ. 1974ರ ಕೊನೆಗೆ ರಾಜಸ್ಥಾನ ಮತ್ತು ಗುಜರಾತಿನ ಅಕ್ಕಪಕ್ಕದ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಅದು ಆಸ್ಪರ್ಜಿಲಸ್ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ 27 ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಶುರುವಾಯಿತು. ಅಲ್ಲಿ ಸಿಕ್ಕಿದ್ದು ಫ್ಯುಮೋನಿಸಿನ್ ಎಂಬ ಬೇರೆ ಬೂಷ್ಟಿನ ವಿಷ. ಎರಡೂ ಕಡೆ ಕಾಳು ಕೆಟ್ಟಿರುವುದು ಕಣ್ಣಿಗೆ ಕಾಣುತ್ತಿತ್ತು. ಬೇರೆ ಕಾಳು ಇಲ್ಲದ ಬಡವರು ಅದನ್ನೇ ತಿಂದರು.

ಇದಕ್ಕೆ ಹೋಲಿಸಿದರೆ ರಾಗಿ ಪುಣ್ಯದ ಧಾನ್ಯ. ಗಟ್ಟಿ ಸಿಪ್ಪೆಯ ಪುಟ್ಟ ಕಾಳು, ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದೆ ಊರುಗಳಲ್ಲಿ ಅದನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗಿನ ಆ ಗುಂಡಿಯ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ, ಕಾಳೇ ಒಳಗಿನ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತದೆ. ಗಾಳಿ ಇಲ್ಲದ ಕಡೆ ಹುಳುವೂ ಇಲ್ಲ, ಬೂಷ್ಟೂ ಇಲ್ಲ. ಅದೇ ಕಾರಣಕ್ಕೆ ಹಗೇವು ತೆಗೆದ ಕೂಡಲೆ ಒಳಗಿಳಿದವರು ಜೀವ ಕಳೆದುಕೊಂಡದ್ದೂ ಉಂಟು. ಮೊದಲು ಬಾಯಿ ತೆಗೆದು ಬಿಟ್ಟು, ದೀಪ ಇಳಿಬಿಟ್ಟು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಇವತ್ತಿನ ಮನೆಗೆ ಹಗೇವಿನ ಪಾಠ ಇಷ್ಟೇ: ಚೆನ್ನಾಗಿ ಒಣಗಿಸು, ಗಾಳಿಯಾಡದಂತೆ ಮುಚ್ಚು. ಕಾಳನ್ನು ಹಲ್ಲಿಗೆ ಕೊಟ್ಟರೆ ಕಟ್ ಎಂದು ಒಡೆಯಬೇಕು, ಮೆತ್ತಗೆ ಒತ್ತಿಕೊಂಡರೆ ಇನ್ನೂ ಒಂದೆರಡು ದಿನ ಬಿಸಿಲು ಬೇಕು. ರಾಗಿ ಹಿಟ್ಟು ಮಾತ್ರ ಕಾಳಿನಂತೆ ಬಾಳುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ಬೀಸಿಸಬೇಕು.

ಕೊಬ್ಬರಿಯ ಕಥೆ ಇದಕ್ಕಿಂತ ನಾಜೂಕು. ಅರಸೀಕೆರೆ, ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವವರು ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅಟ್ಟಕ್ಕೆ ಗಾಳಿ ಬೆಳಕು ಇದ್ದರೆ ಬಂಗಾರ. ಹೆಂಚು ಸೋರಿದರೆ, ಕರಟದಲ್ಲಿ ಬಿರುಕಿದ್ದರೆ, ಒಳಗೆ ಹಸಿರು ಕಪ್ಪು ಬೂಷ್ಟು. ಕೊಬ್ಬರಿಯಲ್ಲಿ ತೇವ ಶೇಕಡ 6ರ ಸುಮಾರಿಗೆ ಇಳಿದರೆ ಅದು ಸುರಕ್ಷಿತ. ಬೂಷ್ಟು ಬಂದದ್ದನ್ನು ಒರೆಸಿ, ಬಿಸಿಲಿಗೆ ಹಾಕಿ, ಚಟ್ನಿಪುಡಿಗೆ ಬಳಸುವ ಅಭ್ಯಾಸ ಹಲವು ಮನೆಗಳಲ್ಲಿದೆ. ಇದು ತಪ್ಪು. ಅಫ್ಲಾಟಾಕ್ಸಿನ್ ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಒರೆಸಿದಾಗ ಹೋಗುವುದು ಬಣ್ಣ, ವಿಷ ತಿರುಳಿಗೆ ಇಳಿದಿರುತ್ತದೆ. ಕಡಲೆಕಾಯಿ ಬೀಜದಲ್ಲಿ ಮುದುಡಿದ್ದು, ಬಣ್ಣಗೆಟ್ಟದ್ದು, ಬಾಯಿಗೆ ಕಹಿಯಾದದ್ದು ಆರಿಸಿ ಎಸೆಯಬೇಕು. ಒಣಮೆಣಸಿನಕಾಯಿಯನ್ನು ಮುರಿದು ನೋಡಬೇಕು, ಹೊರಗೆ ಕೆಂಪಗೆ ಹೊಳೆಯುವ ಕಾಯಿಯ ಹೊಟ್ಟೆಯಲ್ಲಿ ಬೂದು ಎಳೆ ಇರುತ್ತದೆ. ಉಪ್ಪಿನಕಾಯಿಯ ಜಾಡಿಯ ಮೇಲೆ ಬೂಷ್ಟು ಕಟ್ಟಿದರೆ ಮೇಲಿನದನ್ನಷ್ಟೇ ತೆಗೆದು ಉಳಿದದ್ದನ್ನು ಬಳಸುವುದೂ ಬೇಡ.

ಹಾಗೆ ಎಸೆಯುವುದನ್ನು ಹಸುವಿನ ಬಾನಿಗೆ ಹಾಕುವವರೇ ಹೆಚ್ಚು. ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಹಸುವಿನ ಹೊಟ್ಟೆಗೆ ಹೋದ ಅಫ್ಲಾಟಾಕ್ಸಿನ್ ಎಂ-1 ಎಂಬ ರೂಪ ತಾಳಿ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಕಾನೂನಿನಲ್ಲಿ ಧಾನ್ಯಕ್ಕೆ ಕಿಲೋಗೆ 15 ಮೈಕ್ರೋಗ್ರಾಂ ಮಿತಿ ಇದ್ದರೆ ಹಾಲಿಗೆ ಬರೀ 0.5. ಮುಗ್ಗಿದ ಹಿಂಡಿ, ಬೂಷ್ಟು ಬಂದ ಕಾಳು ಹೋಗಬೇಕಾದ ಜಾಗ ಮಣ್ಣಿನ ಕೆಳಗೆ.

ಬೂಷ್ಟಿನ ಕಾಯಿಲೆಗೆ ಇಂಥದೇ ಪಥ್ಯ ಎಂದು ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗಳನ್ನು ನಂಬಿ ಇಡ್ಲಿ, ದೋಸೆ, ಮೊಸರು ಬಿಟ್ಟವರಿದ್ದಾರೆ. ಹಿಟ್ಟು ಹುದುಗುವುದು, ಹಾಲು ಹೆಪ್ಪಾಗುವುದು ಬ್ಯಾಕ್ಟೀರಿಯಾ ಮತ್ತು ಯೀಸ್ಟಿನ ಕೆಲಸ. ಅದಕ್ಕೂ ಗೋಡೆಯ ಬೂಷ್ಟಿಗೂ ನಂಟು ಕಟ್ಟಿ ಎಲ್ಲರೂ ಬಿಡಬೇಕೆನ್ನಲು ಗಟ್ಟಿ ಆಧಾರವಿಲ್ಲ. ತಿಂದಾಗಲೆಲ್ಲ ತೊಂದರೆ ಕಾಣುವವರು ಪರೀಕ್ಷೆ ಮಾಡಿಸಿ ಬಿಡಲಿ. ‘ವಿಷ ತೆಗೆಯುವ’ ಕಷಾಯ, ಪುಡಿಗಳ ಮಾತೂ ಅಷ್ಟೇ. ಕೆಲವು ನಾಟಿ ಪುಡಿಗಳೇ ಮುಗ್ಗಿದ ಬೇರಿನಿಂದ ಮಾಡಿದವಾಗಿರುತ್ತವೆ.

ಆಹಾರ ನಿಜವಾಗಿ ನೆರವಾಗುವುದು ಔಷಧದ ಅಡ್ಡ ಪರಿಣಾಮ ತಗ್ಗಿಸುವಲ್ಲಿ. ಎಬಿಪಿಎಗೆ ಕೊಡುವ ಸ್ಟಿರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ನಡೆದರೆ ಮೂಳೆ ಸವೆಯುತ್ತದೆ, ರಕ್ತದ ಸಕ್ಕರೆ ಏರುತ್ತದೆ, ತೋಳು ತೊಡೆಯ ಮಾಂಸ ಕರಗುತ್ತದೆ. ಇದಕ್ಕೆ ಹುಲಿಕೆರೆಯ ಸುತ್ತಿನ ಊಟದಲ್ಲೇ ಉತ್ತರವಿದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿದ ಸುಣ್ಣಾಂಶ. ನುಗ್ಗೆ, ಹರಿವೆ ಸೊಪ್ಪಿನಲ್ಲೂ ಧಾರಾಳ. ಹುರುಳಿಯ ಬಸ್ಸಾರು, ಅವರೆಯ ಕಾಲದಲ್ಲಿ ಹಿತಕಿದಬೇಳೆ ಸಾರು, ಮೊಟ್ಟೆ, ಮಜ್ಜಿಗೆ ಮಾಂಸಖಂಡಕ್ಕೆ. ಆದರೆ ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬುದು ಸುಳ್ಳು. ಎರಡು ದೊಡ್ಡ ಮುದ್ದೆಯ ಬದಲು ಒಂದು ಚಿಕ್ಕ ಮುದ್ದೆ, ಅದರ ಜೊತೆ ಎರಡು ಸೌಟು ಹೆಚ್ಚು ಸೊಪ್ಪು ಕಾಳು ಎಂದು ಲೆಕ್ಕ ಹಾಕಿಕೊಳ್ಳುವುದು ಜಾಣತನ.

ಎಳನೀರಿನ ಬಗ್ಗೆ ಈ ಸೀಮೆಯವರಿಗೆ ಬಿಡಿಸಿ ಹೇಳಬೇಕು, ತೋಟದಲ್ಲೇ ಬೆಳೆಯುವುದರಿಂದ ಅದಕ್ಕೆ ಅಳತೆ ಇಲ್ಲ. ಕಪ್ಪು ಶಿಲೀಂಧ್ರಕ್ಕೆ ಕೊಡುವ ಆಂಫೊಟೆರಿಸಿನ್ ದೇಹದ ಪೊಟ್ಯಾಸಿಯಂ ಇಳಿಸುತ್ತದೆ; ಎಳನೀರಿನಲ್ಲಿ ಅದು ಹೇರಳ. ಹಾಗಾದರೆ ಕುಡಿಯಬಹುದಲ್ಲ ಅನ್ನಿಸುತ್ತದೆ. ಆದರೆ ಅದೇ ಔಷಧ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ, ಆಗ ಪೊಟ್ಯಾಸಿಯಂ ಏರಿ ಹೃದಯಕ್ಕೆ ಕುತ್ತು. ರಕ್ತ ಪರೀಕ್ಷೆಯ ಅಂಕಿ ನೋಡದೆ ದಿನಕ್ಕೆರಡು ಎಳನೀರು ಕೆತ್ತಬಾರದು. ಶಿಲೀಂಧ್ರದ ಇನ್ನೊಂದು ಔಷಧ ಇಟ್ರಾಕೊನಜೋಲ್‌ನ ಕ್ಯಾಪ್ಸೂಲನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಎದೆಯುರಿಯ ಮಾತ್ರೆಯ ಜೊತೆಗಲ್ಲ. ವೊರಿಕೊನಜೋಲ್ ಆದರೆ ಊಟಕ್ಕೆ ಒಂದು ಗಂಟೆ ಮೊದಲು ಇಲ್ಲವೇ ನಂತರ. ಬೇರೆ ಯಾವ ಮಾತ್ರೆ ನಡೆಯುತ್ತಿದ್ದರೂ ವೈದ್ಯರಿಗೆ ಮುಂಚೆಯೇ ತಿಳಿಸಬೇಕು.

ಹಿತ್ತಲು ಶುರುಮಾಡಲು ಆಷಾಢ ಒಳ್ಳೆಯ ಕಾಲವಲ್ಲ, ಗೊಬ್ಬರ ನೆಲ ಗಾಳಿ ಎಲ್ಲವೂ ಒದ್ದೆ. ಹಿಂಗಾರು ಇಳಿದ ಮೇಲೆ ಕಾರ್ತಿಕದಲ್ಲಿ, ಆರು ಅಡಿ ಉದ್ದ ಮೂರು ಅಡಿ ಅಗಲದ ಒಂದೇ ಮಡಿಯಿಂದ ಆರಂಭಿಸಲಿ. ಬೀಜ, ಸಸಿ, ಮಣ್ಣು ಪರೀಕ್ಷೆಗೆ ಹಾಸನದ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ. ಮೊದಲ ಬೆಳೆಗೆ ಮೆಂತ್ಯ, ಹರಿವೆ ಸಾಕು. ಮೆಂತ್ಯ ಚೆಲ್ಲಿದ 25ರಿಂದ 30 ದಿನಕ್ಕೆ ಕೀಳಲು ಬರುತ್ತದೆ.